ಕರಡಿಯ ಬೆಕ್ಕಿಗೆ ನರಿ ಹೇಳಿದ ಪಥ್ಯ

ಒಂದು ಕಾಡಿನಲ್ಲಿ ಕರಡಿಯೊಂದು ಬೆಕ್ಕು ಸಾಕಿತ್ತು. ನಂಬುವುದು ಕಷ್ಟ. ಆ ಕಾಡಿನ ಪ್ರಾಣಿಗಳೂ ಮೊದಲು ನಂಬಲಿಲ್ಲ. ಕರಡಿಗೆ ಬೆಕ್ಕು ಯಾಕೆ ಎಂದು ಜಿಂಕೆಗಳು ನಕ್ಕವು. ಆದರೆ ಕರಡಿಗೆ ಕಾರಣವಿತ್ತು. ಅದರ ಗುಹೆಯಲ್ಲಿ ಜೇನುಹುಟ್ಟು ಇರುತ್ತಿತ್ತು, ಒಣಗಿಸಿದ ಇಪ್ಪೆ ಹೂವು ಇರುತ್ತಿತ್ತು. ಎರಡನ್ನೂ ಇಲಿಗಳು ಕರಡಿಗಿಂತ ಮೊದಲೇ ತಿಂದು ಮುಗಿಸುತ್ತಿದ್ದವು. ಹಿಡಿಯಲು ಹೋದರೆ ಗುಹೆಯ ಗೋಡೆ ಕೆರೆದು ಕರಡಿಯ ಉಗುರು ಸವೆಯುತ್ತಿತ್ತೇ ಹೊರತು ಇಲಿ ಸಿಗುತ್ತಿರಲಿಲ್ಲ.

ಹೀಗಿರುವಾಗ ಕಾಡಿನ ಅಂಚಿನ ರಸ್ತೆಯಲ್ಲಿ ಪಟ್ಟಣದವರು ಯಾರೋ ಒಂದು ಗೋಣಿಚೀಲ ಎಸೆದು ಹೋದರು. ಚೀಲದೊಳಗೆ ಬೂದು ಬಣ್ಣದ ಗಂಡು ಬೆಕ್ಕಿನ ಮರಿ ಇತ್ತು. ಕರಡಿ ಅದನ್ನು ಬಾಯಲ್ಲಿ ಕಚ್ಚಿಕೊಂಡು ತಂದು, ನೆಕ್ಕಿ, ಬೂದ ಎಂದು ಹೆಸರಿಟ್ಟಿತು. ಬೂದ ಬೆಳೆಯಿತು. ಇಲಿಗಳು ಬೇರೆ ಗುಹೆ ನೋಡಿಕೊಂಡವು. ಇದರಿಂದ ಬೂದನಿಗೆ ಊಟವೇ ಇಲ್ಲದಂತಾಯಿತು. ಕೆಲಸ ಚೆನ್ನಾಗಿ ಮಾಡಿದವರಿಗೆ ಸಾಮಾನ್ಯವಾಗಿ ಆಗುವುದು ಇದೇ.

ಕರಡಿ ಹೊಳೆಯ ನೀರುನಾಯಿಯ ಹತ್ತಿರ ಹೋಗಿ ಒಪ್ಪಂದ ಮಾಡಿಕೊಂಡಿತು. ಕರಡಿ ಜೇನು ಕೊಡಬೇಕು, ನೀರುನಾಯಿ ಮೀನು ಕೊಡಬೇಕು. ಬೂದ ಬೆಳಗ್ಗೆಯೂ ಸಂಜೆಯೂ ಹಸಿ ಮೀನು ತಿಂದು ಮೀಸೆ ಒರೆಸಿಕೊಳ್ಳುತ್ತಿತ್ತು. ತೊಂದರೆ ಇದ್ದದ್ದು ಮಧ್ಯಾಹ್ನ. ಕರಡಿ ಬೆಳಗ್ಗೆ ಹೊರಟರೆ ಬರುವುದು ಹೊತ್ತು ಇಳಿದ ಮೇಲೆ. ಅದು ಇಟ್ಟು ಹೋದ ಮೀನು ಬಿಸಿಲೇರುವಷ್ಟರಲ್ಲಿ ನಾರುತ್ತಿತ್ತು, ಇರುವೆ ಮುತ್ತುತ್ತಿತ್ತು. ಬೂದ ಗುಹೆಯ ಬಾಯಲ್ಲಿ ಕೂತು ಹಸಿವಿನಿಂದ ಕೂಗುತ್ತಿತ್ತು. ಬೆಕ್ಕು ಕೂಗಿದರೆ ಎಷ್ಟು ದೂರ ಕೇಳುತ್ತದೆ ಎಂದು ಸಾಕಿದವರನ್ನೇ ಕೇಳಬೇಕು.

ಆಗ ನರಿ ಬಂತು.

ಈ ನರಿಯನ್ನು ಕಾಡಿನಲ್ಲಿ ಎಲ್ಲರೂ ಪಂಡಿತರು ಎನ್ನುತ್ತಿದ್ದರು. ಅದು ಪಟ್ಟಣದಲ್ಲಿ ಒಂದು ದನದ ಆಸ್ಪತ್ರೆಯ ಹಿಂದಿನ ತಿಪ್ಪೆಯಲ್ಲಿ ಮಳೆಗಾಲ ಕಳೆದು ಬಂದಿತ್ತು. ಕಾಡಿಗೆ ಅಷ್ಟು ವಿದ್ಯಾರ್ಹತೆ ಸಾಕಾಗಿತ್ತು.

"ಏನಕ್ಕಾ, ನಿನ್ನ ಬೆಕ್ಕು ಹಗಲೆಲ್ಲ ಅರಚುತ್ತೆ. ಒಬ್ಬ ಮರ್ಯಾದಸ್ಥ ನರಿ ನಿದ್ದೆ ಮಾಡೋದು ಬೇಡವಾ?" ಎಂದಿತು ನರಿ.

"ಏನು ಮಾಡಲಿ ಪಂಡಿತರೇ, ಮೀನು ಮಧ್ಯಾಹ್ನದವರೆಗೆ ನಿಲ್ಲಲ್ಲ. ಇವನು ನಾರಿದ್ದನ್ನ ಮೂಸಿಯೂ ನೋಡಲ್ಲ," ಎಂದಿತು ಕರಡಿ.

"ಸಣ್ಣ ಮೀನನ್ನ ಬಂಡೆ ಮೇಲೆ ಒಣಗಿಸು. ಒಣ ಮೀನು ಕೆಡಲ್ಲ. ಹಸಿವಾದಾಗ ಒಂದೊಂದು ಕಡಿದುಕೊಳ್ಳುತ್ತೆ. ಹಲ್ಲಿಗೂ ಒಳ್ಳೇದು."

ಇಷ್ಟು ಸರಿಯಾಗಿಯೇ ಇತ್ತು. ನರಿ ಇಲ್ಲಿಗೇ ನಿಲ್ಲಿಸಿದ್ದರೆ ಈ ಕಥೆ ಹುಟ್ಟುತ್ತಿರಲಿಲ್ಲ.

"ಒಳ್ಳೇದಾಯ್ತು," ಎಂದಿತು ಕರಡಿ. "ಮಧ್ಯಾಹ್ನಕ್ಕೆ ಒಣ ಮೀನು ಇಡ್ತೀನಿ. ಬೆಳಗ್ಗೆ, ಸಂಜೆ ಹಸಿ ಮೀನು ಇದ್ದೇ ಇದೆ."

ನರಿ ಎರಡೂ ಕಿವಿ ಮುಚ್ಚಿಕೊಂಡಿತು. "ಅಯ್ಯಯ್ಯೋ! ಬೆಕ್ಕನ್ನ ಕೊಲ್ಲಬೇಕು ಅಂತಿದ್ದೀಯಾ? ಹಸೀದು, ಒಣದು ಎರಡೂ ಒಂದೇ ಹೊಟ್ಟೆಗೆ ಹೋಗಬಾರದು. ಒಳಗೆ ಎರಡಕ್ಕೂ ಜಗಳ ಹತ್ತುತ್ತೆ. ಪಟ್ಟಣದಲ್ಲಿ ಹಸುಗೂಸಿಗೂ ಗೊತ್ತು ಇದು."

"ಹಾಗಾದರೆ ದಪ್ಪ ಮೀನು ಏನು ಮಾಡಲಿ? ಒಣಗೋಕೆ ಮುಂಚೆ ಕೊಳೆಯುತ್ತಲ್ಲ."

"ಅದನ್ನ ಗುಹೆ ಹತ್ತಿರ ಇಡಲೇಬೇಡ. ವಾಸನೆ ತಾಗಿದರೂ ಪಥ್ಯ ಕೆಟ್ಟ ಹಾಗೆ. ನನ್ನ ಬಿಲದ ಬಾಯಲ್ಲಿ ಇಟ್ಟು ಹೋಗು. ನಾನು ಹೇಗೋ ವಿಲೇವಾರಿ ಮಾಡ್ತೀನಿ."

"ನಿಮಗೆ ಸುಮ್ಮನೆ ತೊಂದರೆ."

"ತೊಂದರೆ ಏನು ಬಂತಕ್ಕಾ. ಸೇವೆ ಅನ್ನೋದು ನಮ್ಮ ವಂಶದಲ್ಲೇ ಬಂದಿದೆ."

"ನನ್ನನ್ನೂ ಒಂದು ಮಾತು ಕೇಳಬಹುದು," ಎಂದಿತು ಮೂಲೆಯಿಂದ ಬೂದ.

"ಸುಮ್ಮನಿರೋ. ದೊಡ್ಡವರು ಮಾತಾಡ್ತಿದ್ದಾರೆ," ಎಂದಿತು ಕರಡಿ.

ಅಂದಿನಿಂದ ಬೂದನಿಗೆ ಬೆಳಗ್ಗೆ ಒಣ ಮೀನು, ಮಧ್ಯಾಹ್ನ ಒಣ ಮೀನು, ಸಂಜೆಯೂ ಒಣ ಮೀನು. ಮೊದಮೊದಲು ಬೂದನಿಗೂ ಇಷ್ಟವಾಯಿತು. ಕರುಂ ಕುರುಂ ಎಂದು ಕಡಿಯಿತು. ಮಧ್ಯಾಹ್ನದ ಕೂಗು ನಿಂತಿತು. ಜಿಂಕೆಗಳು ಪಂಡಿತರ ಕೈಗುಣವನ್ನು ಹೊಗಳಿದವು. ಪಂಡಿತರ ಮೈಯೂ ತುಂಬಿಕೊಂಡಿತು, ಬಾಲ ಮಿಂಚತೊಡಗಿತು. ದಿನವೂ ದಪ್ಪ ಮೀನು ವಿಲೇವಾರಿ ಮಾಡುವವರಿಗೆ ಮಿಂಚದೆ ಏನು?

ಕರಡಿ ಒಂದು ಎಚ್ಚರ ವಹಿಸಿತ್ತು. ಗುಹೆಯೊಳಗಿನ ಕಲ್ಲಿನ ಗುಳಿಯಲ್ಲಿ ನೀರು ತುಂಬಿಸಿಟ್ಟಿತ್ತು. ಬಾಯಾರಿದರೆ ಕುಡಿಯುತ್ತಾನೆ ಎಂದು ಅದರ ಲೆಕ್ಕ. ಕರಡಿ ಸ್ವತಃ ಹೊಳೆಗೆ ಹೋದರೆ ಹೊಟ್ಟೆ ಗುಡುಗುಡು ಎನ್ನುವವರೆಗೆ ಕುಡಿಯುತ್ತಿತ್ತು. ಬೆಕ್ಕೂ ಹಾಗೆಯೇ, ಆದರೆ ಸ್ವಲ್ಪ ಚಿಕ್ಕದು ಎಂದುಕೊಂಡಿತ್ತು. ಬೆಕ್ಕು ಹಾಗಲ್ಲ. ಬೂದ ಗುಳಿಯ ಹತ್ತಿರ ಹೋಗುತ್ತಿತ್ತು, ಒಂದು ಕಾಲು ನೀರಿಗೆ ತಾಗಿಸುತ್ತಿತ್ತು, ಅವಮಾನವಾದಂತೆ ಕಾಲು ಕೊಡವಿಕೊಂಡು ಬರುತ್ತಿತ್ತು.

ಕೆಲವು ವಾರ ಕಳೆದವು. ಬೂದ ಗುಹೆಯ ಪಕ್ಕದ ಮರಳಿಗೆ ಮತ್ತೆ ಮತ್ತೆ ಹೋಗತೊಡಗಿತು. ಕೂರುತ್ತಿತ್ತು, ಮುಲುಗುತ್ತಿತ್ತು, ನಾಲ್ಕು ಹನಿ ಬಿಟ್ಟು ಏಳುತ್ತಿತ್ತು, ಮತ್ತೆ ಕೂರುತ್ತಿತ್ತು. ಆಮೇಲೆ ಮರ ಹತ್ತುವುದನ್ನು ಬಿಟ್ಟಿತು. ಆಮೇಲೆ ಗೋಡೆಗೆ ಮುಖ ಮಾಡಿ ಮಲಗಿತು. ಕರಡಿ ನೆಕ್ಕಲು ಹೋದರೆ ನೋವಿನಿಂದ ಕಿರುಚಿತು.

ಕರಡಿ ಏಳುತ್ತಾ ಬೀಳುತ್ತಾ ನರಿಯ ಬಿಲಕ್ಕೆ ಓಡಿತು. "ಪಂಡಿತರೇ, ಬೂದನಿಗೆ ಮೂತ್ರ ಕಟ್ಟಿದೆ. ಹೀಗೇ ಬಿಟ್ಟರೆ ನನ್ನ ಮಗು ಉಳಿಯಲ್ಲ."

ನರಿಯ ಬಾಯಲ್ಲಿ ಏನೋ ಇತ್ತು. ಅದನ್ನು ನುಂಗಿ, ಗಂಭೀರವಾಗಿ ಹೇಳಿತು: "ಒಣ ಮೀನು ಸಾಕಾಗಿಲ್ಲ. ಹೆಚ್ಚಿಸು."

"ಹೆಚ್ಚಿಸ್ತೀನಿ. ಆದರೆ ರೋಗ ಇಷ್ಟು ಮುಂದೆ ಹೋದ ಮೇಲೆ ನೀವು ಗುಹೆಗೆ ಬರಲೇಬೇಕು. ನಮ್ಮ ಕರಡಿ ಕುಲದ ಪದ್ಧತಿ ಅದು. ಪಥ್ಯ ಹೇಳಿದವರು ರೋಗಿ ಜೊತೆ ಕೂತು ಅದೇ ಪಥ್ಯ ತಿನ್ನಬೇಕು. ಗುಣ ಆಯ್ತು ಅಂತ ರೋಗಿ ತನ್ನ ಬಾಯಾರೆ ಹೇಳೋವರೆಗೂ ಅಲ್ಲೇ ಇರಬೇಕು. ನಮ್ಮಜ್ಜಿ ಕಾಲು ಮುರಿದುಕೊಂಡಾಗ ಆನೆ ಬಂದು ಗೆದ್ದಲು ತಿನ್ನು ಅಂದಿತ್ತು. ಪಾಪ, ಕೊನೇವರೆಗೂ ಜೊತೆಗೆ ಕೂತು ತಾನೂ ಗೆದ್ದಲು ತಿಂತು."

"ಪಟ್ಟಣದಲ್ಲಿ ಇಂಥ ಮೂಢನಂಬಿಕೆ ಎಲ್ಲ ಯಾವತ್ತೋ ಹೋಯ್ತಕ್ಕಾ."

"ಇದು ಪಟ್ಟಣ ಅಲ್ಲವಲ್ಲ ಪಂಡಿತರೇ."

ಕರಡಿ ಹೆದರಿಸಲಿಲ್ಲ. ನಿಜವಾದ ಗೌರವದಿಂದಲೇ ಕರೆಯಿತು. ಆದರೆ ಅದರ ಪಂಜ ನರಿಯ ಹೆಗಲ ಮೇಲಿತ್ತು. ಪಂಜ ನರಿಯ ತಲೆಗಿಂತ ದೊಡ್ಡದಿತ್ತು. ನರಿ ಬಂತು.

ಗುಹೆಯಲ್ಲಿ ಕರಡಿ ಇಬ್ಬರ ಮುಂದೆಯೂ ಒಣ ಮೀನು ಸುರಿಯಿತು. ಬೂದ ಒಂದನ್ನು ಕಚ್ಚಿ ಬಿಟ್ಟಿತು. ನರಿ ತಿಂದಿತು. ತಿನ್ನದೆ ವಿಧಿಯಿಲ್ಲ, ಕರಡಿ ಭಕ್ತಿಯಿಂದ ನೋಡುತ್ತಾ ಕೂತಿತ್ತು. ಸ್ವಲ್ಪ ಹೊತ್ತಿಗೆ ನರಿಯ ಗಂಟಲು ಒಣಗಿತು. ಅದು ಗುಳಿಗೆ ಬಾಯಿ ಹಾಕಿ ನೀರು ಕುಡಿಯಿತು. ಮತ್ತೆ ತಿಂದಿತು, ಮತ್ತೆ ಕುಡಿಯಿತು. ಪೊದೆಯ ಮರೆಗೆ ಹೋಗಿ ಬಂತು.

"ಅಕ್ಕಾ, ಗುಳಿ ಬರಿದಾಯ್ತು."

ಕರಡಿ ಸೋರೆಬುರುಡೆಯಲ್ಲಿ ನೀರು ತಂದು ತುಂಬಿಸಿತು. ನರಿ ಅದನ್ನೂ ಬರಿದು ಮಾಡಿ ಮತ್ತೆ ಪೊದೆಗೆ ಓಡಿತು. ಕರಡಿ ಗುಳಿಯನ್ನು ನೋಡಿತು, ಪೊದೆಯನ್ನು ನೋಡಿತು, ಗೋಡೆಗೆ ಮುಖ ಮಾಡಿ ಮಲಗಿದ ಬೂದನನ್ನು ನೋಡಿತು. ಕರಡಿಗೆ ಯೋಚನೆ ನಿಧಾನವಾಗಿ ಬರುತ್ತದೆ. ಬಂದರೆ ಹೋಗುವುದಿಲ್ಲ.

"ಪಂಡಿತರೇ, ನೀವು ಎಷ್ಟು ಸಲ ಪೊದೆಗೆ ಹೋಗ್ತೀರಿ?"

"ಇಷ್ಟು ನೀರು ಕುಡಿದರೆ ಹೋಗದೆ ಇನ್ನೇನು ಮಾಡಲಿ?"

"ಬೂದ ತಿನ್ನೋದೂ ಇದೇ ಮೀನು. ಅವನು ಒಂದು ಗುಟುಕೂ ಕುಡಿಯಲ್ಲ. ಹಾಗಾದರೆ ಅವನ ಹೊಟ್ಟೆಗೆ ನೀರು ಎಲ್ಲಿಂದ ಬರಬೇಕು?"

ನರಿ ಕೆಮ್ಮಿತು. ಉತ್ತರ ಗೊತ್ತಿದ್ದವರು ಕೆಮ್ಮುವುದಿಲ್ಲ.

ಬೂದ ಗೋಡೆಯಿಂದ ಮುಖ ತಿರುಗಿಸಿತು. "ಹಸಿ ಮೀನಿನಿಂದ ಬರ್ತಿತ್ತು," ಎಂದಿತು ಸಣ್ಣ ದನಿಯಲ್ಲಿ. "ಅದನ್ನ ಈ ಮಹಾಶಯರು ವಿಲೇವಾರಿ ಮಾಡಿದರು."

"ಮೊದಲೇ ಬಾಯಿ ಬಿಡಬಾರದಿತ್ತೇನೋ?"

"ದೊಡ್ಡವರು ಮಾತಾಡ್ತಿದ್ರಲ್ಲ."

ಕರಡಿ ಎದ್ದಿತು. ಗುಹೆಯ ಬಾಯಿಗೆ ಬಂಡೆ ಎಳೆದಿಟ್ಟು ಹೊಳೆಗೆ ಓಡಿತು. ಒಳಗೆ ನರಿಯೂ ಬೂದನೂ ಉಳಿದವು.

"ಬೂದಣ್ಣಾ," ಎಂದಿತು ನರಿ ಮೆಲ್ಲಗೆ, "ನಾವಿಬ್ಬರೂ ಪಟ್ಟಣ ಕಂಡವರು. ಈ ಕರಡಿಗೆ ಏನು ತಿಳಿಯುತ್ತೆ? ನೀನೇ ಒಂದು ಮಾತು ಹೇಳಿ ನನ್ನ ಬಿಡಿಸಪ್ಪಾ."

"ಪಟ್ಟಣ ನನ್ನನ್ನ ಗೋಣಿಚೀಲದಲ್ಲಿ ಕಟ್ಟಿ ಎಸೆಯಿತು," ಎಂದಿತು ಬೂದ. "ಕರಡಿಗೆ ಎತ್ತಿಕೊಳ್ಳೋದು ತಿಳಿದಿತ್ತು."

ಹೊಳೆಯಲ್ಲಿ ನೀರುನಾಯಿಗೆ ವಿಷಯ ಕೇಳಿ ಮೈ ಉರಿಯಿತು. "ಅಲ್ಲ ಕಣೇ, ಬೂದನಿಗೆ ಅಂತ ನಾನು ಆರಿಸಿ ಆರಿಸಿ ಕೊಟ್ಟ ದಪ್ಪ ಮೀನೆಲ್ಲ ಆ ಬಿಲಕ್ಕೆ ಸುರಿದೆಯಾ? ನಿನ್ನ ತಲೆಯಲ್ಲಿ ಜೇನು ತುಂಬಿದೆಯಾ?" ಹೀಗೆ ಬೈಯುತ್ತಲೇ ನೀರಿಗೆ ಧುಮುಕಿ ಮೀನು ತಂದಿತು, ಬೈಯುತ್ತಲೇ ಗುಹೆಯವರೆಗೆ ಬಂತು.

ಕರಡಿ ಹಸಿ ಮೀನನ್ನು ಕಲ್ಲಿನ ಮೇಲೆ ಜಜ್ಜಿ, ನೀರು ಬೆರೆಸಿ, ಗಂಜಿಯಂತೆ ಮಾಡಿ ಬೂದನ ಮೂತಿಯ ಮುಂದಿಟ್ಟಿತು. ಬೂದ ಮೂಸಿತು. ನಾಲಗೆ ತಾಗಿಸಿತು. ನಿಲ್ಲಿಸಿತು. ಕರಡಿ ಕಲ್ಲನ್ನು ಇನ್ನಷ್ಟು ಹತ್ತಿರ ತಳ್ಳಿತು. ಬೂದ ಮತ್ತೆ ನೆಕ್ಕಿತು. ನಿಧಾನವಾಗಿ ಕಲ್ಲು ಬರಿದಾಯಿತು. ಕರಡಿ ಇನ್ನಷ್ಟು ಜಜ್ಜಿತು.

ಸುದ್ದಿ ಕೇಳಿ ಕಾಡೇ ಬಂದು ಗುಹೆಯ ಮುಂದೆ ಸೇರಿತು. ಬಿಸಿಲು ತಗ್ಗುವ ಹೊತ್ತಿಗೆ ಬೂದ ಎದ್ದು, ತೂರಾಡುತ್ತಾ ಮರಳಿನ ಕಡೆ ನಡೆಯಿತು. ಎಲ್ಲ ತಲೆಗಳೂ ಆ ಕಡೆಗೇ ತಿರುಗಿದವು.

"ಆಚೆ ನೋಡ್ರೋ! ನಾಚಿಕೆ ಆಗಲ್ವಾ ನಿಮಗೆ?" ಎಂದು ನೀರುನಾಯಿ ಗದರಿತು.

ಎಲ್ಲರೂ ಆಚೆ ನೋಡಿದರು. ಆದರೆ ಕಿವಿಗಳನ್ನು ಯಾರೂ ತಿರುಗಿಸಲಿಲ್ಲ. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಸಣ್ಣ ಸದ್ದು. ಆಮೇಲೆ ಸಣ್ಣದಲ್ಲದ ಸದ್ದು. ಬೂದ ಮರಳು ಮುಚ್ಚಿ, ರಾಜ್ಯ ಗೆದ್ದವನ ಗತ್ತಿನಲ್ಲಿ ನಡೆದು ಬಂತು. ಕರಡಿ ಗೋಳೋ ಎಂದು ಅತ್ತಿತು. ಜಿಂಕೆಗಳು ಕುಣಿದವು. ಬೆಕ್ಕೊಂದು ಮೂತ್ರ ಮಾಡಿದ್ದಕ್ಕೆ ಕಾಡಿನಲ್ಲಿ ಇಷ್ಟು ಸಂಭ್ರಮ ಅದಕ್ಕೆ ಮುಂಚೆ ಆಗಿರಲಿಲ್ಲ.

ನರಿ ಜನ ಸೇರಿದ್ದನ್ನು ಕಂಡು ಗಂಟಲು ಸರಿಮಾಡಿಕೊಂಡಿತು. "ನಾನು ಮೊದಲಿಂದ ಹೇಳಿದ್ದೂ ಇದನ್ನೇ. ಇನ್ನು ಮುಂದೆ ಹಸಿ ಮೀನು ಮಾತ್ರ. ಒಣ ಮೀನು ಅಂದರೆ ವಿಷ. ಆ ರಾಶಿ ನನ್ನ ಬಿಲಕ್ಕೆ ಕಳಿಸಿಬಿಡಕ್ಕಾ, ನಾನು..."

"ವಿಲೇವಾರಿ ಮಾಡ್ತೀರಿ," ಎಂದು ಕರಡಿ ಮುಗಿಸಿತು. ಆಮೇಲೆ ಬೂದನ ಕಡೆ ತಿರುಗಿ, ಅಂದು ಕೇಳಬೇಕಾಗಿದ್ದನ್ನು ಇಂದು ಕೇಳಿತು. "ನಿನಗೆ ಏನು ಬೇಕೋ, ಕಂದಾ?"

"ಎರಡೂ ಬೇಕು. ಬೆಳಗ್ಗೆ, ಸಂಜೆ ಹಸಿ ಮೀನು. ನೀನು ಇಲ್ಲದಾಗ ಕಡಿಯೋಕೆ ಒಂದು ಹಿಡಿ ಒಣ ಮೀನು. ರಾಶಿ ಬೇಡ, ರಾಶಿ ಇದ್ದರೆ ತಿಂದುಬಿಡ್ತೀನಿ. ನೀರು ಗುಳಿಯಲ್ಲಿ ಬೇಡ. ಝರಿ ಹತ್ತಿರ ಕರೆದುಕೊಂಡು ಹೋಗು. ಹರಿಯೋ ನೀರಾದರೆ ಮನಸ್ಸು ಬಂದಾಗ ಕುಡಿದೇನು."

"ಎರಡೂ ಹೊಟ್ಟೆಯೊಳಗೆ ಜಗಳ ಆಡಲ್ವೇನೋ?"

"ಆಡಲ್ಲ. ನನ್ನ ಹೊಟ್ಟೆಗೆ ಮರ್ಯಾದೆ ಗೊತ್ತು."

"ಶುಭ, ಶುಭ. ಹಾಗಾದರೆ ನಾನಿನ್ನು ಬರ್ತೀನಿ," ಎಂದು ನರಿ ಬಾಲ ಎತ್ತಿತು.

"ಎಲ್ಲಿಗೆ?" ಎಂದಿತು ಕರಡಿ. "ಗುಣ ಆಯ್ತು ಅಂತ ಬೂದ ಇನ್ನೂ ಹೇಳಿಲ್ಲ. ಅಲ್ಲೀವರೆಗೂ ನೀವು ಹೇಳಿದ ಪಥ್ಯ ನಿಮಗೆ ಇದ್ದದ್ದೇ."

ನರಿ ಕುಸಿದು ಕೂತಿತು. ಎಲ್ಲರೂ ಬೂದನ ಮುಖ ನೋಡಿದರು. ಬೂದ ಆಕಳಿಸಿತು. ಸುಸ್ತಾಗಿದೆ, ಆಮೇಲೆ ನೋಡೋಣ ಎಂದು ಮಲಗಿತು.

ಆ ಮಾತಾಗಿ ಬಹಳ ಕಾಲವಾಯಿತು. ಬೂದನ ಮೈ ಈಗ ನುಣುಪಾಗಿ ಹೊಳೆಯುತ್ತದೆ. ಬೆಳಗ್ಗೆ ಅದು ಹಸಿ ಮೀನು ತಿಂದು, ಮಧ್ಯಾಹ್ನ ಒಂದಿಷ್ಟು ಒಣ ಮೀನು ಕಡಿದು, ಮತ್ತಿಯ ಮರದ ತುದಿಯವರೆಗೆ ಅಳಿಲುಗಳನ್ನು ಅಟ್ಟಿಸಿಕೊಂಡು ಹೋಗುತ್ತದೆ. ಮರದ ಬುಡದಲ್ಲಿ ನರಿ ಒಣ ಮೀನು ಅಗಿಯುತ್ತಾ ಕೂತಿರುತ್ತದೆ. ದವಡೆ ನೋಯುತ್ತದೆ, ಬಾಲ ಬಣ್ಣಗೆಟ್ಟಿದೆ. ದಿನವೂ ಅದು ಮೇಲೆ ನೋಡಿ ವಿನಯದಿಂದ ವಿಚಾರಿಸುತ್ತದೆ.

"ಬೂದಣ್ಣನವರೇ, ಇವತ್ತು ಆರೋಗ್ಯ ಹೇಗಿದೆ?"

ಬೂದ ಒಂದು ಕೊಂಬೆಯಿಂದ ಇನ್ನೊಂದಕ್ಕೆ ಹಾರಿ, ಮೀಸೆ ತೀಡಿಕೊಂಡು ಯೋಚಿಸುತ್ತದೆ.

"ಪರವಾಗಿಲ್ಲ," ಎನ್ನುತ್ತದೆ. "ಇನ್ನೂ ಸ್ವಲ್ಪ ಸುಸ್ತು."

ನೀತಿ: ಬೆಕ್ಕಿಗೆ ಹಸಿ ಆಹಾರವೂ ಬೇಕು, ಒಣ ಆಹಾರವೂ ಬೇಕು, ಒಂದೇ ಸಾಕು ಎನ್ನುವವನು ಸಿಕ್ಕರೆ, ಇನ್ನೊಂದು ಯಾರ ಹೊಟ್ಟೆಗೆ ಹೋಗುತ್ತದೆ ಎಂದು ಮೊದಲು ನೋಡಬೇಕು.