ಸೂರಿಲ್ಲದ ಸೆರೆಯಾಳುಗಳು

“ಗುರುಗಳೇ, ಶತ್ರು ನಮ್ಮವರಿಗೆ ಏನು ಮಾಡಿದನೋ ಅವನ ಜನರಿಗೆ ನಾವೂ ಅಷ್ಟನ್ನೇ ಮಾಡಿದರೆ ಅದು ಅನ್ಯಾಯವೇ?” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಂದೇ ರಾಜ್ಯದ ಜನ ಇಬ್ಬರು ದಾಯಾದಿಗಳ ಕಡೆ ಸೇರಿ ತಮ್ಮತಮ್ಮಲ್ಲೇ ಕಾದಾಡಿದರು. ಎರಡೂ ಕಡೆಯವರು ಎದುರಾಳಿಗಳನ್ನು ಸೆರೆ ಹಿಡಿದರು. ಕೇತಣ್ಣನೆಂಬ ದಳವಾಯಿಯ ವಶದಲ್ಲಿ ಆರುನೂರು ಸೆರೆಯಾಳುಗಳಿದ್ದರು. ಅವನು ಯಾರನ್ನೂ ಹೊಡೆಸಿದವನಲ್ಲ. ಬಯಲಿಗೆ ಮುಳ್ಳುಬೇಲಿ ಹಾಕಿಸಿ ಅವರನ್ನು ಒಳಗೆ ಕೂಡಿಹಾಕಿದ್ದ, ಅಷ್ಟೆ. ಸೂರಿರಲಿಲ್ಲ. ಅವರು ಕೈಯಿಂದ ನೆಲ ಬಗೆದು ಕುಳಿಗಳಲ್ಲಿ ಮಲಗುತ್ತಿದ್ದರು. ಒಳಗೆ ಹರಿಯುತ್ತಿದ್ದುದು ಒಂದೇ ಹಳ್ಳ. ಕುಡಿಯುವುದೂ ಅದರಲ್ಲೇ, ಹೊರಕಡೆಗೆ ಹೋಗುವುದೂ ಅದರಲ್ಲೇ. ರಕ್ತಭೇದಿಯಿಂದ ದಿನಕ್ಕೆ ಒಬ್ಬರೋ ಇಬ್ಬರೋ ಸಾಯುತ್ತಿದ್ದರು. ಸತ್ತವನ ಕಂಬಳಿಗಾಗಿ ಬದುಕಿದ್ದವರು ಕಿತ್ತಾಡುತ್ತಿದ್ದರು.

ಮಳೆಗಾಲ ಹತ್ತಿರವಾದಾಗ ಸೆರೆಯಾಳುಗಳಲ್ಲಿದ್ದ ಒಬ್ಬ ಬಡಗಿ ಕೇತಣ್ಣನ ಬಳಿಗೆ ಬಂದ. ಅವನು ಅನ್ನ ಕೇಳಲಿಲ್ಲ. ಬೇಲಿಯಾಚೆ ಕೂಗಳತೆಯಲ್ಲೇ ಕಾಡಿತ್ತು. ಕಾವಲಿನವರ ಜೊತೆ ಹತ್ತು ಜನರನ್ನು ಕಳಿಸಿದರೆ ಗಳ, ಸೊಪ್ಪು ತಂದು ನಾವೇ ಚಪ್ಪರ ಹಾಕಿಕೊಳ್ಳುತ್ತೇವೆ ಎಂದ.

“ನಿಮ್ಮವರ ಸೆರೆಯಲ್ಲಿ ನನ್ನ ಮಗನಿದ್ದಾನೆ,” ಎಂದ ಕೇತಣ್ಣ. “ಅಲ್ಲಿ ನಮ್ಮವರಿಗೆ ಸೂರಿಲ್ಲವಂತೆ. ಅವನಿಗಿಲ್ಲದ್ದು ನಿಮಗೇಕೆ?”

“ಹಾಗೆಂದವರು ಕಣ್ಣಾರೆ ನೋಡಿದ್ದಾರೆಯೇ, ಒಡೆಯಾ?”

ಕೇತಣ್ಣ ಅವನನ್ನು ಮತ್ತೆ ಬೇಲಿಯೊಳಗೆ ಕಳಿಸಿದ.

ಮಳೆ ಹಿಡಿಯಿತು. ಕುಳಿಗಳಲ್ಲಿ ನೀರು ನಿಂತಿತು. ಆಷಾಢ ಕಳೆಯುವ ಹೊತ್ತಿಗೆ ಅರ್ಧದಷ್ಟು ಜನ ಉಳಿದಿದ್ದರು. ಬಡಗಿ ಉಳಿಯಲಿಲ್ಲ.

ಚಳಿಗಾಲದಲ್ಲಿ ದಾಯಾದಿಗಳು ರಾಜಿಯಾದರು. ಕೇತಣ್ಣ ಮಗನನ್ನು ಕರೆತರಲು ಆ ಕಡೆಯ ಸೆರೆಗೆ ಹೋದ. ಅಲ್ಲಿ ಉದ್ದನೆಯ ಕೊಟ್ಟಿಗೆಗಳಿದ್ದವು. ಗೋಡೆಗಳಿದ್ದವು, ಮೇಲೆ ಏನೂ ಇರಲಿಲ್ಲ. ಅಲ್ಲಿನ ಮುದಿ ಕಾವಲುಗಾರ ಮಗನನ್ನು ಹೂಳಿದ ಜಾಗ ತೋರಿಸಿದ. ಆಷಾಢದಲ್ಲಿ ಹೋದ ಎಂದ.

“ಮಳೆಗೆ ಮುಂಚೆ ಇವಕ್ಕೆಲ್ಲ ಹುಲ್ಲು ಹೊದಿಸಿದ್ದೆವು,” ಎಂದ ಆ ಮುದುಕ. “ನಿಮ್ಮಲ್ಲಿ ನಮ್ಮವರು ಬಯಲಲ್ಲಿ ಬಿದ್ದಿದ್ದಾರೆಂದು ಸುದ್ದಿ ಬಂತು. ನಮ್ಮ ದಳವಾಯಿಗಳು ಎಲ್ಲವನ್ನೂ ಕೀಳಿಸಿದರು.”

ಕೇತಣ್ಣ ಆ ಮಣ್ಣಿನ ಮೇಲೆ ಕುಳಿತ. ಸಂಜೆಯಾದರೂ ಏಳಲಿಲ್ಲ.

“ಹಾಗಾದರೆ ಮೊದಲು ತಪ್ಪಿದವರು ಯಾರು, ಗುರುಗಳೇ?” ಎಂದು ಶಿಷ್ಯ ಕೇಳಿದ.

“ಸೂರಿನ ಕೆಳಗೆ ಕುಳಿತವರು ಮಾತ್ರ ಅದನ್ನು ಕೇಳುತ್ತಾರೆ,” ಎಂದರು ಗುರುಗಳು.