ಹವಾಲ್ದಾರ ನೋಡದ ಕಾಲು

ಮಠದ ಕಿರಿಯ ವಿದ್ಯಾರ್ಥಿಗಳನ್ನು ನೋಡಿಕೊಳ್ಳಲು ಹೊಸದಾಗಿ ನೇಮಕವಾಗಿದ್ದ ಶಿಷ್ಯನೊಬ್ಬ ಕೇಳಿದ: "ಗುರುಗಳೇ, ಮೇಲೆ ಅಪ್ಪಣೆ ಕೊಡುವವರಿದ್ದಾರೆ. ಕೆಳಗೆ ಅದನ್ನು ನಡೆಸುವವರಿದ್ದಾರೆ. ನಡುವೆ ನಿಂತವನ ಕೆಲಸವೇನು?"

ಗುರುಗಳು ಹೇಳಿದರು:

ಒಂದು ಸೈನ್ಯದಲ್ಲಿ ಒಬ್ಬ ಹವಾಲ್ದಾರನಿದ್ದ. ನೂರು ಸಿಪಾಯಿಗಳಿಗೆ ಅವನೇ ಹಿರಿಯ. ಅವನೂ ಸಿಪಾಯಿಯಾಗಿಯೇ ಸೇರಿ, ಹದಿನೆಂಟು ವರ್ಷ ನಡೆದು ಆ ಸ್ಥಾನಕ್ಕೆ ಬಂದವನು.

ಆ ಸೈನ್ಯದಲ್ಲಿ ಒಂದು ಪದ್ಧತಿಯಿತ್ತು. ದಿನದ ನಡಿಗೆ ಮುಗಿದು ಬೀಡು ಬಿಟ್ಟ ಕೂಡಲೇ ಹವಾಲ್ದಾರ ನೆಲದ ಮೇಲೆ ಕೂರಬೇಕು. ಸಿಪಾಯಿಗಳು ಒಬ್ಬೊಬ್ಬರಾಗಿ ಬಂದು, ಜೋಡು ಕಳಚಿ, ಅವನ ತೊಡೆಯ ಮೇಲೆ ಕಾಲಿಡಬೇಕು. ಅವನು ಹಿಮ್ಮಡಿ ಒತ್ತಿ, ಬೆರಳುಗಳ ಸಂದು ಬಿಡಿಸಿ ನೋಡಬೇಕು. ಹುಣ್ಣಾದವನು ಮರುದಿನ ಸಾಮಾನಿನ ಗಾಡಿಯಲ್ಲಿ ಬರುತ್ತಿದ್ದ. ಹಿಂದಿನ ಹವಾಲ್ದಾರರೆಲ್ಲ ಹೀಗೆ ಮಾಡಿದವರೇ. ಇವನ ಕಾಲನ್ನೂ ಹಾಗೆ ನೋಡಿದವರಿದ್ದರು.

ಇವನಿಗೆ ಮಾತ್ರ ಅದು ಅವಮಾನವೆನಿಸಿತು. ದಳಪತಿಯ ಡೇರೆಯೊಳಗೆ ಹೋಗಿ ಮಾತಾಡುವ ನಾನು ಇವರ ಕಾಲನ್ನು ತೊಡೆಯ ಮೇಲಿಟ್ಟುಕೊಳ್ಳುವುದೇ ಎಂದುಕೊಂಡ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ನೋವಿದ್ದವರು ಕೈ ಎತ್ತಿ ಎಂದ. ಮೊದಲ ದಿನ ಒಬ್ಬ ಎತ್ತಿದ.

"ಮಹಾರಾಜರಿಗೆ ಪಲ್ಲಕ್ಕಿ ತರಿಸ್ರಪ್ಪಾ" ಎಂದ ಹಿಂದೆ ನಿಂತಿದ್ದವನು.

ಸಾಲೆಲ್ಲ ನಕ್ಕಿತು. ಹವಾಲ್ದಾರನೂ ನಕ್ಕ. ಮರುದಿನದಿಂದ ಒಂದು ಕೈಯೂ ಮೇಲೇಳಲಿಲ್ಲ. ಸಿಪಾಯಿಗೆ ಸಾಯುವ ಭಯವಿಲ್ಲದಿರಬಹುದು, ಜೊತೆಯವರ ನಗೆಯ ಭಯ ಇದ್ದೇ ಇರುತ್ತದೆ. ಇದು ಹವಾಲ್ದಾರನಿಗೆ ತಿಳಿದಿರಲಿಲ್ಲವೇ? ತಿಳಿದಿತ್ತು. ಅವನೂ ಅದೇ ಸಾಲಿನಲ್ಲಿ ನಿಂತವನು.

ಒಬ್ಬ ಸಿಪಾಯಿಗೆ ಹೊಸ ಜೋಡು ಕಚ್ಚಿ ಹಿಮ್ಮಡಿ ಕೀವುಗಟ್ಟಿತ್ತು. ಬಟ್ಟೆ ಸುತ್ತಿಕೊಂಡು ಸಾಲಿನಲ್ಲಿ ನಿಂತ. ಆ ಸಂಜೆ ದಳಪತಿ, ನಾಳೆ ಘಟ್ಟ ಹತ್ತಬೇಕು, ಎಲ್ಲರೂ ನಡೆಯಬಲ್ಲರೇ ಎಂದು ವಿಚಾರಿಸಿದ.

"ಒಬ್ಬನೂ ಕೈ ಎತ್ತಿಲ್ಲ, ಸ್ವಾಮಿ" ಎಂದ ಹವಾಲ್ದಾರ.

ಅರ್ಧ ಘಟ್ಟದಲ್ಲಿ ಆ ಸಿಪಾಯಿ ಬಿದ್ದ. ಜೋಡು ಕಳಚಲು ಬರಲಿಲ್ಲ, ಕೊಯ್ದು ತೆಗೆದರು. ನಂಜು ಮೇಲೇರಿತ್ತು. ಜೀವ ಉಳಿಸಲು ವೈದ್ಯರು ಮೊಣಕಾಲಿನಿಂದ ಕೆಳಗೆ ಕತ್ತರಿಸಬೇಕಾಯಿತು.

ವಿಚಾರಣೆ ನಡೆಯಿತು. ದಿನವೂ ಕೇಳಿದ್ದೇನೆ, ಇವನೇ ಮುಚ್ಚಿಟ್ಟ ಎಂದು ಹವಾಲ್ದಾರ ಹೇಳಿದ. ಉಳಿದ ತೊಂಬತ್ತೊಂಬತ್ತು ಜನರೂ ಹೌದೆಂದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಪದ್ಧತಿಯಂತೆ ಕಾಲು ನೋಡಿದೆಯಾ ಎಂದು ಮಾತ್ರ ಯಾರೂ ಕೇಳಲಿಲ್ಲ. ನೋವು ಮರೆಮಾಚಿದ ತಪ್ಪಿಗೆ ಸಿಪಾಯಿಯ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕಿದರು. ಕಂಕುಳಿಗೊಂದು ಕೋಲು ಕೊಟ್ಟು ಊರಿಗೆ ಕಳುಹಿಸಿದರು. ತಪ್ಪದೆ ಕೇಳುತ್ತ ಬಂದದ್ದಕ್ಕೆ ಹವಾಲ್ದಾರನನ್ನು ಹೊಗಳಿದರು. ಅವನು ಆ ಹೊಗಳಿಕೆಯನ್ನು ತಲೆಬಾಗಿ ಸ್ವೀಕರಿಸಿದ. ನಾಚಿಕೆಯಾಗಲಿಲ್ಲ ಅವನಿಗೆ. ಅಂದು ಸಂಜೆಯೂ ಸಾಲು ನಿಲ್ಲಿಸಿ ಅದೇ ಪ್ರಶ್ನೆ ಕೇಳಿದ.

ಇಷ್ಟು ಹೇಳುವಾಗ ಗುರುಗಳ ದನಿಯಲ್ಲಿ ಸಿಟ್ಟಿತ್ತು. ಹವಾಲ್ದಾರನದು ತಪ್ಪೇ ಸರಿ, ಆದರೆ ಆ ಸಿಪಾಯಿಯೂ ಒಮ್ಮೆ ಬಾಯಿ ಬಿಡಬಹುದಿತ್ತಲ್ಲ ಎಂದ ಶಿಷ್ಯ.

ಗುರುಗಳು ಅವನ ಮುಖವನ್ನೇ ನೋಡಿ ಕೇಳಿದರು: "ಅವನೇ ಬಾಯಿ ಬಿಟ್ಟು ಹೇಳಿಕೊಳ್ಳುವ ಹಾಗಿದ್ದರೆ, ನಡುವೆ ಒಬ್ಬ ಹವಾಲ್ದಾರ ಯಾತಕ್ಕೆ ಬೇಕಿತ್ತು?"