ಕಂಬಿಯೊಳಗೆ ನುಗ್ಗಿದ ಮರಿ

ಮತ್ತೆ ಬಾಯಿ ಹಾಕಿದೆಯಲ್ಲೇ ಭುವಿ! ನಾನಿನ್ನೂ ಕೋತಿ ಅಂತ ಅಂದಿಲ್ಲ, ಆಗಲೇ ಅದರ ಹೆಸರೇನಮ್ಮ ಅಂತೀಯ. ಹೆಸರಿಲ್ಲ ಅದಕ್ಕೆ. ನಮ್ಮಜ್ಜಿ ಹೇಳಿದ ಕತೆ ಇದು, ಹೊದ್ದುಕೊಂಡು ಸುಮ್ಮನೆ ಕೇಳು.

ಒಂದಾನೊಂದು ಕಾಲ, ಅಂದರೆ ನಿಮ್ಮಪ್ಪ ಚಡ್ಡಿಯಿಲ್ಲದೆ ಓಡಾಡುತ್ತಿದ್ದ ಕಾಲದಲ್ಲಿ, ಝೂ ಪಕ್ಕದ ಮರದಲ್ಲಿ ಒಂದು ಬೀದಿಕೋತಿ ಇತ್ತಂತೆ. ಅದಕ್ಕೆ ಒಂದೇ ಮರಿ. ಒಂದು ದಿನ ಝೂನ ಕೋತಿಬೋನಿನೊಳಗೆ ಬಾಳೆಹಣ್ಣು ಇಟ್ಟಿದ್ದು ನೋಡಿ, ಆ ಮರಿ ಕಂಬಿ ಸಂದಿಯಲ್ಲಿ ಸರಕ್ಕನೆ ನುಗ್ಗಿಬಿಟ್ಟಿತಂತೆ. ತಾಯಿಯ ತಲೆಯೇ ಅದರಲ್ಲಿ ಹಿಡಿಸಲಿಲ್ಲ. ಒಳಗೆ, ಅಲ್ಲೇ ಹುಟ್ಟಿ ಅಲ್ಲೇ ಮುದಿಯಾದ ಒಂದು ಹೆಣ್ಣುಕೋತಿ, ಒಂಟಿಯಾಗಿತ್ತು. ಅದು ಮರಿಯನ್ನು ಬಾಚಿ ಎದೆಗೆ ಅವಚಿಕೊಂಡಿತಂತೆ. ಕೊಡೇ ನನ್ನ ಮಗೂನ ಅಂತ ತಾಯಿ ಅಂದರೆ, ನನ್ನ ಮನೆಗೆ ಬಂದಿದ್ದು ನನ್ನದು ಅಂದಿತಂತೆ.

ಆಮೇಲೆ ತಾಯಿ ಝೂ ನೋಡಕ್ಕೆ ಬಂದ ಜನರ ಮುಂದೆ ಎದೆ ಬಡಿದುಕೊಂಡು ಅತ್ತಿತಂತೆ. ಅವರು, ಅಯ್ಯೋ ನೋಡ್ರೀ ಹೆಂಗೆ ಕುಣೀತಿದೆ ಅಂತ ಕಡಲೆಕಾಯಿ ಎಸೆದು, ಫೋಟೋ ತೆಗೆದು, ಹುಲಿ ನೋಡಕ್ಕೆ ಹೋದರಂತೆ. ಆಮೇಲೆ ಬೋನು ಗುಡಿಸುವ ಮಾದಯ್ಯನ ಕಾಲು ಹಿಡಿಯಿತಂತೆ. ಅವನು, ಹಣ್ಣು ಕದಿಯಕ್ಕೆ ಬಂದೆಯಾ ಅಂತ ಪೊರಕೆ ಎತ್ತಿ ಓಡಿಸಿ, ಒಳಗಿನ ಮರಿ ನೋಡಿ, ಓಹೋ, ನಮ್ಮ ಮುದುಕಿ ಈ ವಯಸ್ಸಲ್ಲಿ ಹೆತ್ತುಬಿಟ್ಟಿದ್ದಾಳೆ ಅಂತ ಇನ್ನಷ್ಟು ಹಣ್ಣು ಹಾಕಿದನಂತೆ. ಗಂಡಸರಿಗೆ ಇಂಥದ್ದೆಲ್ಲಾ ಎಲ್ಲಿ ಗೊತ್ತಾಗುತ್ತೆ, ಬಿಡು.

ಇನ್ನು ಉಳಿದವಳು ಆ ಮುದುಕಿಯೇ. ತಾಯಿ ಬೈಯಲಿಲ್ಲ, ಅಳಲಿಲ್ಲ. ಕಂಬಿಗೆ ಒತ್ತಿ ಕೂತು, ಕೈ ತೂರಿಸಿ, ಮುದುಕಿಯ ಬೆನ್ನಲ್ಲಿ ಹೇನು ಹೆಕ್ಕೋಕೆ ಶುರುಮಾಡಿತಂತೆ. ಮುದುಕಿ ಮೊದಲು ಗುರ್ ಅಂದಿತಂತೆ. ಆಮೇಲೆ, ಅಲ್ಲಲ್ಲ, ಇನ್ನೂ ಸ್ವಲ್ಪ ಮೇಲೆ ಅಂದಿತಂತೆ. ಯಾರಾದರೂ ಅದರ ಬೆನ್ನು ಮುಟ್ಟಿ ಎಷ್ಟು ವರ್ಷವಾಗಿತ್ತೋ! ಹಾಯಾಗಿ ಕಣ್ಣು ಮುಚ್ಚಿತು, ಹಿಡಿತ ಸಡಿಲವಾಯಿತು, ಆಮೇಲೆ ತಾನೇ ಮರಿಯನ್ನು ಕಂಬಿ ಕಡೆ ತಳ್ಳಿ, ಹೋಗೋ, ನಿಮ್ಮಮ್ಮ ಒಳ್ಳೆಯವಳು ಅಂದಿತಂತೆ.

ಹೋಗಕ್ಕೆ ಮರಿಯ ಹೊಟ್ಟೆ ಸಂದಿಯಲ್ಲಿ ಹಿಡಿಸಬೇಕಲ್ಲ! ಅಷ್ಟು ಹಣ್ಣು ಮುಕ್ಕಿತ್ತು. ಅದು ಕರಗೋ ತನಕ ತಾಯಿ ಆಚೆ, ಮುದುಕಿ ಒಳಗೆ, ಹೇನು ಹೆಕ್ಕುತ್ತಾ ಕೂತಿದ್ದರಂತೆ. ಹೊತ್ತು ಇಳಿದ ಮೇಲೆ ಮರಿ ನುಸುಳಿಕೊಂಡು ಬಂದು ತಾಯಿಯ ಹೊಟ್ಟೆಗೆ ಅಂಟಿಕೊಂಡಿತಂತೆ. ಅವತ್ತಿನಿಂದ ತಾಯಿ ದಿನಾ ಬಂದು ಮುದುಕಿಯ ಬೆನ್ನು ನೋಡೋದು, ಮುದುಕಿ ಒಂದು ಹಣ್ಣು ಎತ್ತಿಟ್ಟು ಕೊಡೋದು. ಎಲ್ಲರೂ ಸುಖವಾಗಿದ್ದರಂತೆ. ಕತೆ ಅಲ್ಲಿಗೆ ಮಲಗಿತು, ನೀನೂ ಮಲಗು.

ಅಮ್ಮಾ.

ಏನೇ ಮತ್ತೆ?

ಆ ಮುದುಕಿ ಕೋತಿನೂ ಪುಟ್ಟ ಮರಿಯಾಗಿತ್ತಲ್ಲ, ಆವಾಗ ಅದೂ ಸಂದೀಲಿ ಹಿಡಿಸ್ತಿತ್ತಲ್ಲ. ಯಾಕಮ್ಮ ಆಚೆ ಬರಲಿಲ್ಲ?